ನಾಲ್ಕನೆಯ ಅಕ್ಷರ

ನಾನು ಅಡುಗೆಯವಳಾಗಿ ಆ ಊರಿಗೆ ಹೋದ ಮೂರನೆಯ ದಿನ ಅಲ್ಲಿನ ಒಂದೇ ಒಂದು ಒಲೆಯೂ ಹತ್ತಲಿಲ್ಲ. ಅದಕ್ಕೆ ಕಾರಣ ನಾನು ಎಂದು ಊರಿನವರಿಗೆ ತಿಳಿಯಲು ಇನ್ನೂ ಎರಡು ದಿನ ಬೇಕಾದವು. ನನಗೂ ಅಷ್ಟೇ ದಿನ ಬೇಕಾದವು. ಇಬ್ಬರಿಗೂ ಒಂದೇ ಗಳಿಗೆಯಲ್ಲಿ, ಸೌತೆಕಾಯಿ ಹೆಚ್ಚುತ್ತಿದ್ದಾಗ ತಿಳಿಯಿತು.

ಆಗ ನನಗೆ ನಲವತ್ತೊಂದು. ಮದುವೆ ಆಗಿರಲಿಲ್ಲ. ಹತ್ತೊಂಬತ್ತು ವರ್ಷ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡಿಕೊಂಡಿದ್ದೆ. ಆ ವರ್ಷ ಹಾಸ್ಟೆಲು ಮುಚ್ಚಿತು. ಗುಡ್ಡದ ಬುಡದ ಊರೊಂದರಲ್ಲಿ ಹೋಟೆಲಿಗೆ ಅಡುಗೆಯವರು ಬೇಕಂತೆ, ಇರೋಕೆ ಕೋಣೆಯನ್ನೂ ಕೊಡ್ತಾರಂತೆ ಎಂದು ತರಕಾರಿ ಗಾಡಿಯ ಡ್ರೈವರು ಹೇಳಿದ. ಒಂದು ಟ್ರಂಕು, ನನ್ನದೇ ಆದ ಎರಡು ಸೌಟು ತೆಗೆದುಕೊಂಡು ಬಸ್ಸು ಹತ್ತಿದೆ. ಹೋಟೆಲಿನ ಮಾಲೀಕರು ನಿಂಗರಾಜಪ್ಪ, ಐವತ್ತು ದಾಟಿದ ದಪ್ಪ ಮನುಷ್ಯ, ಮಹಡಿಯ ಮೇಲಿನ ಕೋಣೆ ತೋರಿಸಿದರು. ಗುಡ್ಡದ ಕಡೆ ಒಂದು ಕಿಟಕಿ. ಬಾಗಿಲಿಗೆ ಒಳಗಿನಿಂದ ಚಿಲಕ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆಯಲ್ಲಿ ನಾನು ಅದುವರೆಗೆ ಮಲಗಿರಲಿಲ್ಲ. ಅವರು ಕೆಳಗಿಳಿದ ಮೇಲೆ ಸುಮ್ಮನೆ ನಾಲ್ಕೈದು ಸಲ ಹಾಕಿ ತೆಗೆದು ಮಾಡಿದೆ.

“ನಲ್ಲಿ ನೀರು ಬೆಳಿಗ್ಗೆ ಆರಕ್ಕೆ ಬರುತ್ತೆ,” ಎಂದಿದ್ದರು ನಿಂಗರಾಜಪ್ಪ. “ಹಾಲು ಆರೂವರೆಗೆ. ಒಲೆ ಜಪ ಆದ್ಮೇಲೆ ಹತ್ತುತ್ತೆ. ಅದಕ್ಕೇ ಇಡ್ಲಿ ಹಿಟ್ಟು ಮೊದಲೇ ತಟ್ಟೆಗೆ ಹುಯ್ದು ಇಟ್ಕೊಂಡಿರಬೇಕು.”

ನಲ್ಲಿ ನೀರಿನ ಹೊತ್ತು ಹೇಳಿದಷ್ಟೇ ಸಲೀಸಾಗಿ ಅವರು ಹೇಳಿದ್ದರಿಂದ ನಾನೂ ಹೂಂ ಅಂದೆ. ಯಾರು ಏನು ಹೇಳಿದರೂ ಹೂಂ ಅಂದು ನಗುವುದು ನನ್ನ ಅಭ್ಯಾಸ.

ಆ ಊರಿನ ದೇವಿ ಉರಿಯಮ್ಮ. ಕರಿಯ ಕಲ್ಲು, ತಾಮ್ರದ ಕಣ್ಣು, ಎದೆಯವರೆಗೆ ಚಾಚಿದ ನಾಲಿಗೆ. ಎಂಟು ಕೈಗಳಲ್ಲಿ ಕತ್ತಿ, ಕುಡುಗೋಲು, ಶೂಲ ಎಲ್ಲ ಇದ್ದು ಎಂಟನೆಯದರಲ್ಲಿ ಒಂದು ಸೌಟು. ಊರಿನ ಬೆಂಕಿಯೆಲ್ಲ ಅವಳದು. ಹಿಂದಿನ ದಿನ ಎಷ್ಟೇ ಜೋಪಾನವಾಗಿ ಕೆಂಡ ಮುಚ್ಚಿಟ್ಟರೂ ಬೆಳಗಿನ ಹೊತ್ತಿಗೆ ಬೂದಿ. ಬೆಳಕು ಹರಿಯುವಾಗ ಪ್ರತಿ ಮನೆಯಿಂದ ಒಲೆ ಹಚ್ಚುವವರೇ ಬಂದು ಗುಡಿಯ ಅಂಗಳದಲ್ಲಿ ಕೂತು ಅವಳ ಐದಕ್ಷರದ ಮಂತ್ರವನ್ನು ಒಟ್ಟಿಗೆ ನೂರೆಂಟು ಸಲ ಹೇಳಬೇಕು. ಆಮೇಲೆ ಕಡ್ಡಿ ಗೀರಿದರೆ ಸೌದೆ ಹತ್ತುತ್ತದೆ, ಗ್ಯಾಸು ಹತ್ತುತ್ತದೆ, ಬೀಡಿಯೂ ಹತ್ತುತ್ತದೆ. ಅದಕ್ಕೆ ಮುಂಚೆ ಗ್ಯಾಸು ಬರೀ ಸುಯ್ ಅನ್ನುತ್ತದೆ. ಬಸ್ಸಿನ ಎಂಜಿನ್ನು ಮಾತ್ರ ಅಮ್ಮನ ಲೆಕ್ಕಕ್ಕೆ ಬರುವುದಿಲ್ಲವೆಂದು ಕಾಣುತ್ತದೆ, ಅದು ತನ್ನ ಪಾಡಿಗೆ ಓಡುತ್ತಿತ್ತು.

ಇಷ್ಟೇ ಆಗಿದ್ದರೆ ಕಷ್ಟವಿರಲಿಲ್ಲ. ಉರಿಯಮ್ಮನಿಗೆ ಒಳಗೊಂದು ಹೊರಗೊಂದು ಆಗುವುದಿಲ್ಲ. ಅಂಗಳದಲ್ಲಿ ಕೂತವರಲ್ಲಿ ಯಾರೇ ಒಬ್ಬರು ಹೊಟ್ಟೆಯಲ್ಲಿ ಸಿಟ್ಟು ಬಚ್ಚಿಟ್ಟುಕೊಂಡು ಕೂತಿದ್ದರೂ ಮಂತ್ರದ ನಾಲ್ಕನೆಯ ಅಕ್ಷರ ಯಾರ ಬಾಯಿಂದಲೂ ಹೊರಡುವುದಿಲ್ಲ. ಅದಕ್ಕೇ ಆ ಊರಿನಲ್ಲಿ ದಿನಾ ಸಂಜೆ ನಾಲ್ಕರ ಬಸ್ಸು ಹೋದ ಮೇಲೆ ದೀಪ ಹಚ್ಚುವವರೆಗೆ ಬಯ್ಯುವ ಹೊತ್ತು. ಗುಡಿಯ ಮುಂದಿನ ಅರಳಿಕಟ್ಟೆಗೆ ಬಂದು ಯಾರ ಮೇಲೆ ಸಿಟ್ಟಿದೆಯೋ ಅವರನ್ನು ಎದುರಿಗೆ ಕೂರಿಸಿಕೊಂಡು ಹೇಳಿ ಮುಗಿಸಬೇಕು. ಕೈ ಎತ್ತುವ ಹಾಗಿಲ್ಲ, ಹುಟ್ಟು ಜರಿಯುವ ಹಾಗಿಲ್ಲ, ಮಾತು ಮುಗಿದ ಮೇಲೆ ಇಬ್ಬರೂ ಒಂದೇ ತಂಬಿಗೆಯಿಂದ ನೀರು ಕುಡಿದು ಏಳಬೇಕು.

ಹೋದ ದಿನ ಸಂಜೆ ಅದನ್ನು ನೋಡಿ ನನಗೆ ಗಾಬರಿಯಾಗಿತ್ತು. ಒಬ್ಬಳು ದರ್ಜಿಯ ಮೂಗಿನ ಮುಂದೆ ರವಿಕೆಯ ತೋಳು ಆಡಿಸುತ್ತಿದ್ದಳು. ಎಪ್ಪತ್ತರ ಮುದುಕಿಯೊಬ್ಬಳು ಗಂಡನಿಗೆ, “ನಲವತ್ತೆಂಟು ವರ್ಷದಿಂದ ಸಾರು ಸುರ್ ಸುರ್ ಅಂತ ಕುಡೀತೀಯಲ್ಲ, ನನ್ನ ಕಿವಿ ಏನು ಬಚ್ಚಲ ತೂಬಾ?” ಎಂದು ಕೂಗುತ್ತಿದ್ದಳು. ಅವನು ಅಷ್ಟೇ ಜೋರಾಗಿ, “ಸಾರು ಅಷ್ಟು ಚೆನ್ನಾಗಿ ಮಾಡಬೇಡ!” ಎಂದ. ಪುಟ್ಟ ಹುಡುಗಿಯೊಬ್ಬಳು ತನ್ನ ಜಡೆ ಕತ್ತರಿಸಿದ್ದಕ್ಕೆ ಅಜ್ಜಿಗೆ ಬಯ್ದು ಬಯ್ದು ಸುಸ್ತಾಗಿ ಅದೇ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಇಷ್ಟೊಂದು ಜಗಳ ಆಡುವ ಜನ ಇಷ್ಟೊಂದು ನಗುವುದನ್ನು ನಾನು ಎಲ್ಲೂ ಕಂಡಿರಲಿಲ್ಲ.

ದೂರದೂರಿನಲ್ಲಿ ಇರುವವರ ಮೇಲೆ, ಸತ್ತವರ ಮೇಲೆ ಸಿಟ್ಟಿದ್ದರೆ? ಅದಕ್ಕೆ ಫಕೀರಣ್ಣ ಇದ್ದ. ಮೊದಲು ಲಾರಿ ಓಡಿಸುತ್ತಿದ್ದವನು, ಈಗ ಬಯ್ಸಿಕೊಳ್ಳುವುದೇ ಕೆಲಸ. ಕಟ್ಟೆಯ ಒಂದು ಮೂಲೆಯಲ್ಲಿ ಛತ್ರಿ ಬಿಡಿಸಿಕೊಂಡು ಕೂತಿರುತ್ತಿದ್ದ. ಜನ ಬಂದು, “ಇವತ್ತು ನೀನು ನಮ್ಮ ದೊಡ್ಡಪ್ಪ,” ಎಂದು ಹೇಳಿ ಶುರುಮಾಡುತ್ತಿದ್ದರು. ಫಕೀರಣ್ಣ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ, “ತಪ್ಪಾಯ್ತು ಕಣಪ್ಪ,” ಎನ್ನುತ್ತಿದ್ದ. ಎಷ್ಟು ಮನಸಾರೆ ಹೇಳುತ್ತಿದ್ದನೆಂದರೆ, ಬಯ್ದವರೇ ಅತ್ತುಬಿಡುತ್ತಿದ್ದರು.

ಎರಡನೆಯ ದಿನ ಸಂಜೆ ಗುಡಿಯ ಪೂಜೆ ಮಾಡುವ ಹೊನ್ನಮ್ಮಜ್ಜಿ ನನ್ನ ಕಿವಿಯಲ್ಲಿ ಮಂತ್ರ ಹೇಳಿದಳು. ಎಲೆಯಡಿಕೆಯ ಕೆಂಪು ಬಾಯಿ, ಗಂಡಸಿನ ಹಾಗೆ ದಪ್ಪ ದನಿ. “ಯಾರ ಮೇಲಾದ್ರೂ ಸಿಟ್ಟೈತಾ ಮಗಾ?” ಎಂದು ಕೇಳಿದಳು.

“ಇಲ್ಲ ಅಜ್ಜಿ,” ಎಂದೆ ನಗುತ್ತ. “ನನಗೆ ಸಿಟ್ಟೇ ಬರಲ್ಲ. ಹಾಸ್ಟೆಲಲ್ಲೂ ಎಲ್ಲರೂ ಹಾಗೇ ಅಂತಿದ್ರು.”

ಅಜ್ಜಿ ನನ್ನನ್ನು ಒಂದು ಗಳಿಗೆ ನೋಡಿ, “ಹಂಗಾ?” ಎಂದಳು.

ಮರುದಿನ ಬೆಳಕು ಹರಿಯುವಾಗ ಅಂಗಳದಲ್ಲಿ ಇನ್ನೂರು ಜನ ಕೂತಿದ್ದೆವು. ಅಜ್ಜಿ ಗಂಟೆ ಬಾರಿಸಿದಳು. ಎಲ್ಲರೂ ಒಟ್ಟಿಗೆ ಬಾಯಿ ತೆರೆದೆವು. ಒಂದು, ಎರಡು, ಮೂರು ಅಕ್ಷರ ಹೊರಟವು. ನಾಲ್ಕನೆಯದಕ್ಕೆ ನಾಲಿಗೆ ಮೇಲೆದ್ದು ಅಲ್ಲೇ ನಿಂತಿತು. ನನ್ನದು ಮಾತ್ರವಲ್ಲ, ಇನ್ನೂರು ನಾಲಿಗೆಗಳು. ಹಿಂದಿನಿಂದ ಯಾರೋ, “ಅಯ್ಯೋ, ಯಾರ್ರೀ ಅದು?” ಎಂದರು. ಮತ್ತೆ ಹೇಳಿದೆವು, ಮತ್ತೆ ನಿಂತಿತು. ಮೂರು ಸಲ ಆದ ಮೇಲೆ ಅಜ್ಜಿ ಗಂಟೆ ಕೆಳಗಿಟ್ಟು, “ಇವತ್ತು ಅವಲಕ್ಕಿ,” ಎಂದಳು.

ಆ ದಿನ ಊರಿಗೆ ಊರೇ ನೆನೆಸಿದ ಅವಲಕ್ಕಿ ತಿಂದಿತು. ಕಾಫಿ ಇಲ್ಲದೆ ತಲೆ ಹಿಡಿದುಕೊಂಡು ಓಡಾಡುವವರೇ ಎಲ್ಲ. ಆದರೂ ಯಾರೂ ಗೋಳಾಡಲಿಲ್ಲ. ಸಂಜೆ ಕಟ್ಟೆಯ ಮೇಲೆ ಜಾಗವಿಲ್ಲದಷ್ಟು ಜನ ಸೇರಿದರು. ತಮ್ಮದೇ ಇರಬಹುದೆಂದು ಹಳೆಯ ಹಳೆಯ ಸಿಟ್ಟುಗಳನ್ನೆಲ್ಲ ಹೆಕ್ಕಿ ತಂದರು. ಒಬ್ಬ ತನ್ನ ತಮ್ಮನಿಗೆ ಮೂವತ್ತು ವರ್ಷದ ಹಿಂದೆ ಮುರಿದ ಬುಗುರಿಯ ಸಲುವಾಗಿ ಬಯ್ದ. ನಿಂಗರಾಜಪ್ಪ ತಮ್ಮ ಭಾವನಿಗೆ, “ನಮ್ಮ ಹೋಟೆಲ್ ಉಪ್ಪಿಟ್ಟನ್ನ ಗಾರೆ ಅಂದಿದ್ಯಲ್ಲ, ನಾನು ಮರ್ತಿಲ್ಲ,” ಎಂದರು. ನಾನು ಎಲ್ಲರಿಗೂ ನೀರು ಕೊಡುತ್ತ, ನಗುತ್ತ ಓಡಾಡಿದೆ.

ಮರುದಿನವೂ ನಾಲ್ಕನೆಯ ಅಕ್ಷರ ಬರಲಿಲ್ಲ. ಅದರ ಮರುದಿನ ಶುಕ್ರವಾರ, ಅಂದೂ ಬರಲಿಲ್ಲ.

ಶುಕ್ರವಾರ ಮಧ್ಯಾಹ್ನ ಹೋಟೆಲಿನಲ್ಲಿ ಒಲೆ ಇಲ್ಲದೆ ಆಗುವ ಅಡುಗೆಯನ್ನೆಲ್ಲ ಮಾಡುತ್ತಿದ್ದೆ. ಹೆಸರುಬೇಳೆ ಕೋಸಂಬರಿ, ಮೊಸರಿಗೆ ಹಸಿಮೆಣಸು, ಬಾಳೆಹಣ್ಣಿನ ರಸಾಯನ. ಜನ ಅಡುಗೆಮನೆಯವರೆಗೂ ಬಂದು ಕೂತಿದ್ದರು. ಹೊನ್ನಮ್ಮಜ್ಜಿ ಬಾಗಿಲಲ್ಲಿ, ಫಕೀರಣ್ಣ ಅಕ್ಕಿ ಮೂಟೆಯ ಮೇಲೆ. ಹಸಿದ ಜನರನ್ನು ನಗಿಸಬೇಕು ಅನ್ನಿಸಿತು. ಹಾಸ್ಟೆಲಿನ ಹುಡುಗಿಯರಿಗೆ ಎಷ್ಟೋ ಸಲ ಹೇಳಿ ನಗಿಸಿದ ಒಂದು ಕಥೆ ನನ್ನಲ್ಲಿತ್ತು. ಸೌತೆಕಾಯಿ ಹೆಚ್ಚುತ್ತ ಅದನ್ನೇ ಹೇಳಿದೆ.

ನಮ್ಮಪ್ಪ ವೆಂಕಟಸುಬ್ಬ ಜೋಯಿಸರು ದೇವಿಯ ಉಪಾಸಕರು. ನಮ್ಮ ಮನೆಯಲ್ಲಿ ಒಂದು ಓಲೆಗರಿ ಕಟ್ಟು ಇತ್ತು, ಅದರಲ್ಲಿ ದೇವಿಯ ಸಾವಿರ ಹೆಸರು. ಅಪ್ಪ ಅದನ್ನು ದಿನಾ ಬೆಳಿಗ್ಗೆ ನನ್ನ ತಮ್ಮ ಶ್ರೀಪತಿಗೆ ಹೇಳಿಕೊಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ಒರಳು ತಿರುಗಿಸುತ್ತ ಕೇಳಿಸಿಕೊಳ್ಳುತ್ತಿದ್ದೆ. ನನ್ನನ್ನು ಕೂರಿಸಿ ಯಾರೂ ಕಲಿಸಲಿಲ್ಲ, ಆದರೂ ಒಂದು ಮಳೆಗಾಲದೊಳಗೆ ಸಾವಿರವೂ ಬಂದುಬಿಟ್ಟಿತು. ನನಗೆ ಹದಿಮೂರು ಆಗಿದ್ದಾಗ ದೊಡ್ಡ ದೊಡ್ಡ ವಿದ್ವಾಂಸರನ್ನು ಕರೆಸಿ ಅಪ್ಪ ಶ್ರೀಪತಿಯಿಂದ ಹೇಳಿಸಿದರು. ಆರುನೂರು ದಾಟಿದ ಮೇಲೆ ಅವನು ತಡವರಿಸಿದ. ಎಲ್ಲರೂ ಸುಮ್ಮನೆ ಕಾದರು. ನನಗೆ ತಡೆಯಲಾಗಲಿಲ್ಲ, ಒಳಗಿನಿಂದ ಮುಂದಿನ ಹೆಸರು ಹೇಳಿಬಿಟ್ಟೆ. ಅವನು ಮತ್ತೆ ತಡವರಿಸಿದ, ನಾನು ಮತ್ತೆ ಹೇಳಿದೆ. ಹಾಗೆ ಹದಿನೇಳು ಹೆಸರು. ಬಂದವರಲ್ಲಿ ಹಿರಿಯರೊಬ್ಬರು, “ಒಳಗೆ ಯಾರು? ಕರೀರಿ ಈಚೆಗೆ,” ಎಂದರು. ಆಗ ಅಪ್ಪ, “ಯಾರೂ ಇಲ್ಲ. ಅಡುಗೆಮನೇಲಿ ಒಂದು ಗಿಳಿ ಸಾಕಿದೀವಿ,” ಎಂದರು. ಎಲ್ಲರೂ ಹೋ ಎಂದು ನಕ್ಕರು.

“ನಾನೂ ನಕ್ಕೆ,” ಎಂದೆ. “ಆಮೇಲೆ ಎಲ್ಲರಿಗೂ ಚಿರೋಟಿ ಬಡಿಸಿದ್ದು ಇದೇ ಗಿಳಿ!”

ಕಥೆ ಇಷ್ಟಕ್ಕೆ ಬಂದಾಗ ಹಾಸ್ಟೆಲಿನ ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದರು. ಇಲ್ಲಿ ಯಾರೂ ನಗಲಿಲ್ಲ. ತಲೆ ಎತ್ತಿ ನೋಡಿದರೆ ಎಲ್ಲರ ಕಣ್ಣೂ ಮಣೆಯ ಮೇಲೆ. ಕೋಸಂಬರಿಗೆಂದು ಹೆಚ್ಚುತ್ತಿದ್ದ ಸೌತೆಕಾಯಿ ಪುಡಿಪುಡಿಯಾಗಿ ನೀರಾಗಿ ಹರಿಯುತ್ತಿತ್ತು. ನನ್ನ ಕೈ ಇನ್ನೂ ಕೊಚ್ಚುತ್ತಲೇ ಇತ್ತು.

“ಸಿಕ್ತು,” ಎಂದ ಫಕೀರಣ್ಣ ಮೆಲ್ಲಗೆ.

ಅಜ್ಜಿ ಬಂದು ನನ್ನ ಕೈಯಿಂದ ಚಾಕು ತೆಗೆದಿಟ್ಟಳು. “ಎಷ್ಟು ವರ್ಷ ಆಯ್ತು ಮಗಾ?”

“ಇಪ್ಪತ್ತೆಂಟು,” ಎಂದೆ. ಹೇಳುವಾಗ ದನಿ ನನ್ನದಲ್ಲ ಅನ್ನಿಸಿತು. “ಆದ್ರೆ ಅಜ್ಜಿ, ನನಗೇನೂ ಸಿಟ್ಟಿಲ್ಲ.”

“ಇಲ್ಲ ಇಲ್ಲ,” ಎಂದಳು ಅಜ್ಜಿ, ಮಗುವನ್ನು ರಮಿಸುವ ಹಾಗೆ.

ಸಂಜೆ ಫಕೀರಣ್ಣ ಛತ್ರಿ ಮಡಿಸಿಟ್ಟು ನನ್ನ ಎದುರಿಗೆ ಕೂತ. “ಈಗ ನಾನು ನಿಮ್ಮಪ್ಪ. ಬಯ್ಯಿ ತಂಗಿ.”

ಊರೆಲ್ಲ ನೋಡುತ್ತಿತ್ತು. ನನಗೆ ನಾಚಿಕೆಯಾಯಿತು. “ಅಪ್ಪ, ನೀವು ಹಾಗೆ ಹೇಳಬಾರದಿತ್ತು ಅನ್ಸುತ್ತೆ,” ಎಂದೆ. ಸ್ವಲ್ಪ ಯೋಚಿಸಿ, “ಆದ್ರೂ ಪರವಾಗಿಲ್ಲ,” ಎಂದು ಸೇರಿಸಿದೆ.

ಫಕೀರಣ್ಣ ಅಜ್ಜಿಯ ಕಡೆ ತಿರುಗಿ ಕೈ ಚೆಲ್ಲಿದ. “ನನ್ನ ಕೈಲಾಗಲ್ಲವ್ವ. ಇದಕ್ಕೆ ಅವರೇ ಬೇಕು.”

ಶನಿವಾರ, ನಾಲ್ಕನೆಯ ದಿನವೂ ನಾಲ್ಕನೆಯ ಅಕ್ಷರ ನಿಂತಾಗ ನಾನು ಎದ್ದು ಕೋಣೆಗೆ ಹೋಗಿ ಟ್ರಂಕಿಗೆ ಸೀರೆ ತುಂಬಿಸಿದೆ. ನಾನು ಬಸ್ಸು ಹತ್ತಿದರೆ ಇವರ ಒಲೆ ಹತ್ತುತ್ತದೆ. ಮಕ್ಕಳು ಮೂರು ದಿನದಿಂದ ತಣ್ಣನೆಯದನ್ನೇ ತಿನ್ನುತ್ತಿವೆ, ಮುದುಕರು ಬಿಸಿನೀರಿಲ್ಲದೆ ಮೀಯುತ್ತಿದ್ದಾರೆ. ಕೊನೆಯ ಸಲ ಆ ಬಾಗಿಲಿನ ಚಿಲಕ ಮುಟ್ಟಿ ನೋಡಿದೆ. ಬೇರೆ ಎಲ್ಲಾದರೂ ಕೆಲಸ ಸಿಕ್ಕೀತು, ಇಂಥ ಕೋಣೆ ಸಿಗುವುದಿಲ್ಲ. ಮೆಟ್ಟಿಲಿಳಿದು ಬಂದರೆ ಕೆಳಗೆ ನಿಂಗರಾಜಪ್ಪ ತಮ್ಮ ಹಳೆಯ ವ್ಯಾನಿನ ಗಾಜು ಒರೆಸುತ್ತ ನಿಂತಿದ್ದರು.

“ಎಲ್ಲಿಗೆ ಹೊರಟ್ರಿ?”

“ಹೊರಟುಹೋಗ್ತೀನಿ ಯಜಮಾನ್ರೇ. ನಿಮಗೆಲ್ಲ ತೊಂದರೆ ಆಯ್ತು.”

“ಏನ್ ತೊಂದರೆ? ಹೈಸ್ಕೂಲ್ ಮೇಷ್ಟ್ರು ಬಂದಾಗ ಒಂಬತ್ತು ದಿನ ಒಲೆ ಹತ್ತಿರಲಿಲ್ಲ. ಅವರೂ ನಿಮ್ಮ ಹಾಗೇ, ಬಲೇ ಒಳ್ಳೆಯವರು. ಈಗ ನೋಡಿ, ಸಂಜೆ ಎಲ್ಲರಿಗಿಂತ ಅವರದ್ದೇ ಗಲಾಟೆ.” ಅವರು ಬಟ್ಟೆ ಹಿಂಡಿ ಹೆಗಲ ಮೇಲೆ ಹಾಕಿಕೊಂಡರು. “ಮೂರು ದಿನದಿಂದ ನನ್ನ ಹೋಟೆಲಲ್ಲಿ ಒಲೆ ಇಲ್ದೆ ಹದಿನಾರು ಥರ ಅಡುಗೆ ಮಾಡಿದ್ದೀರಿ. ಒಲೆ ಇದ್ರೆ ಇನ್ನೇನು ಮಾಡ್ತೀರೋ ನಾನು ನೋಡ್ಬೇಕು. ಟ್ರಂಕು ಮೇಲಿಡಿ. ನಿಮ್ಮಪ್ಪನ ಊರು ಯಾವುದು ಹೇಳಿ.”

ಹೇಳಿದೆ. ಮೂರು ಗಂಟೆಯ ದಾರಿ. ಹಬ್ಬಕ್ಕೆ ಹೋಗಿ ಸಿಹಿ ಮಾಡಿಟ್ಟು ಬರುವುದು ಬಿಟ್ಟರೆ ಅಪ್ಪನ ಜೊತೆ ನನಗೆ ಮಾತೇ ಇರಲಿಲ್ಲ. ಅವರು ಬರುತ್ತಾರೆಂದು ನಾನು ನಂಬಲೂ ಇಲ್ಲ.

ಮಧ್ಯಾಹ್ನ ಮೂರಕ್ಕೆ ವ್ಯಾನು ಬಂದಿತು. ಅಪ್ಪ ಜರಿಯಂಚಿನ ಶಾಲು ಹೊದ್ದು ಇಳಿದರು. ಎಪ್ಪತ್ತಾರು ವರ್ಷ, ಬೆನ್ನು ಇನ್ನೂ ನೆಟ್ಟಗಿತ್ತು, ಕಿವಿ ಮಾತ್ರ ಸ್ವಲ್ಪ ದೂರ. ನಿಂಗರಾಜಪ್ಪ ಅವರಿಗೆ ಹೇಳಿದ್ದು ಇಷ್ಟೇ: “ನಮ್ಮೂರ ದೇವಿ ನಿಮ್ಮನ್ನ ಕರೀತಿದಾಳೆ.” ಅಪ್ಪ ಸನ್ಮಾನವೆಂದು ತಿಳಿದಿದ್ದರು. ದಾರಿಯುದ್ದಕ್ಕೂ ನಿಂತು ಕೈಮುಗಿದ ಜನರನ್ನು ನೋಡಿ ಅವರಿಗೆ ಇನ್ನೂ ಖಾತ್ರಿಯಾಯಿತು.

“ನೀನೂ ಇಲ್ಲೇ ಇದೀಯಾ?” ಎಂದರು ನನ್ನನ್ನು ಕಂಡು. “ಒಂದು ಲೋಟ ಕಾಫಿ ತಾ.”

“ಕಾಫಿ ಇಲ್ಲ ಅಪ್ಪ. ಒಲೆ ಹತ್ತಿಲ್ಲ.”

“ಹಚ್ಚು.”

ನನ್ನ ಕಾಲು ತಾನಾಗಿ ಒಳಗೆ ಓಡಿತು. ಬೆಲ್ಲ, ಕಾಯಿತುರಿ ಹಾಕಿ ಅವಲಕ್ಕಿ ಕಲಸಿ ತಂದುಕೊಟ್ಟೆ. ಎರಡು ತುತ್ತು ತಿಂದು, “ಏಲಕ್ಕಿ ಹಾಕಿಲ್ಲ,” ಎಂದರು. ನಾನು ನಗುತ್ತ ಏಲಕ್ಕಿ ತರಲು ತಿರುಗಿದೆ. ಬಾಗಿಲಲ್ಲಿ ಹೊನ್ನಮ್ಮಜ್ಜಿ ನಿಂತಿದ್ದಳು. ದಾರಿ ಬಿಡಲಿಲ್ಲ.

ಸಂಜೆ ಅಪ್ಪನನ್ನು ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದರು. ಗುಡಿಯ ಬಾಗಿಲು ತೆರೆದಿತ್ತು, ಉರಿಯಮ್ಮನ ತಾಮ್ರದ ಕಣ್ಣುಗಳ ಮೇಲೆ ಇಳಿಬಿಸಿಲು ಬಿದ್ದಿತ್ತು. ಅಂದು ಬೇರೆ ಯಾರೂ ಜಗಳವಾಡಲಿಲ್ಲ. ಅಜ್ಜಿ ಅಪ್ಪನಿಗೆ ಊರಿನ ರೀತಿಯನ್ನು ವಿವರಿಸಿ ಹೇಳಿ, “ನಿಮ್ಮ ಮಗಳು ನಿಮಗೆ ಏನೋ ಹೇಳ್ಬೇಕಂತೆ ಸ್ವಾಮಿ,” ಎಂದಳು.

“ಇವಳಾ?” ಅಪ್ಪ ನಕ್ಕರು. “ಇವಳಿಗೆ ಸಿಟ್ಟೇ? ಇವಳು ಹಸು.”

ನಾನು ಎದುರಿಗೆ ಕೂತೆ. “ಅಪ್ಪ, ನಾನು ಹದಿಮೂರರಲ್ಲಿ ಶ್ರೀಪತಿಗೆ ಒಳಗಿನಿಂದ ಹೆಸರು ಹೇಳಿಕೊಟ್ಟೆನಲ್ಲ, ಆವತ್ತು ನೀವು... ಗಿಳಿ ಅಂದಿರಿ.”

ಅಪ್ಪ ಹುಬ್ಬು ಗಂಟು ಹಾಕಿ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಅದು ನನಗೆ ಕಂಡಿತು. ಆಮೇಲೆ, “ಯಾವ ಗಿಳಿ?” ಎಂದರು.

ಅವರಿಗೆ ನೆನಪಿರಲಿಲ್ಲ. ನಾನು ಇಪ್ಪತ್ತೆಂಟು ವರ್ಷ ಹೊತ್ತುಕೊಂಡು ತಿರುಗಿದ್ದು, ಸಾವಿರ ಸಲ ನಕ್ಕು ನಗಿಸಿದ್ದು, ಅವರಿಗೆ ನೆನಪೇ ಇರಲಿಲ್ಲ.

ನಾನು ಎದ್ದದ್ದು ನನಗೆ ಗೊತ್ತಾಗಲಿಲ್ಲ. “ಯಾವ ಗಿಳಿ ಅಂತೀಯಾ?” ಎಂದೆ. ಅಪ್ಪನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ನನ್ನ ದನಿ ಗುಡ್ಡಕ್ಕೆ ಬಡಿದು ತಿರುಗಿ ಬಂದಿತು. “ನಾನು ಕಣಪ್ಪ ಆ ಗಿಳಿ! ನಿನ್ನ ಮಗಳು! ನೀನು ಕೂತು ಕಲಿಸಿದವನಿಗೆ ಬರಲಿಲ್ಲ, ಹಿಟ್ಟು ರುಬ್ಬೋಳಿಗೆ ಬಂತು! ಯಾರು ಅಂತ ಕೇಳಿದ್ರೆ ಯಾರೂ ಇಲ್ಲ ಅಂದೆ! ನಾನು ಬಾಗಿಲ ಹಿಂದೇನೇ ನಿಂತಿದ್ದೆ, ಲಂಗ ಸರಿಮಾಡ್ಕೊಂಡು, ಕರೀತೀಯ ಅಂತ! ಕರೀತೀಯ ಅಂತ ಹೆಜ್ಜೆ ಮುಂದೆ ಇಟ್ಟಿದ್ದೆ!”

ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮುಂದಿಟ್ಟ ಹೆಜ್ಜೆಯ ಮಾತು ನನ್ನ ನಗೆಯ ಕಥೆಯಲ್ಲಿ ಇರಲೇ ಇಲ್ಲ.

ಅಪ್ಪ ಬಾಯಿ ತೆರೆದರು. “ಸುಮ್ನಿರು, ಇನ್ನೂ ಮುಗಿದಿಲ್ಲ,” ಎಂದೆ. “ಗಿಳಿಗೆ ಎಷ್ಟು ಬರುತ್ತೆ ಕೇಳು!” ಎಂದು ದೇವಿಯ ಹೆಸರು ಶುರುಮಾಡಿದೆ. ಆವತ್ತಿನಿಂದ ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೂ ಒಂದೂ ಹೋಗಿರಲಿಲ್ಲ. ಅಪ್ಪನ ಸುತ್ತ ಕಟ್ಟೆಯ ಮೇಲೆ ಸುತ್ತುತ್ತ, ಒಂದೊಂದು ನಮಃ ಅನ್ನುವಾಗಲೂ ಅಂಗೈ ಮೇಲೆ ಅಂಗೈ ಬಡಿಯುತ್ತ ಹೇಳಿದೆ. ನೂರಾಯಿತು, ಇನ್ನೂರಾಯಿತು. ಬೆವರಿಳಿಯಿತು, ಜಡೆ ಬಿಚ್ಚಿಹೋಯಿತು. ಹೆಂಗಸರು ಬೆರಳು ಮಡಿಸಿ ಎಣಿಸುತ್ತಿದ್ದರು. ಐನೂರಕ್ಕೆ ಬಂದಾಗ ಮುದುಕಿಯೊಬ್ಬಳು ಎದ್ದು ನನ್ನ ಬಾಯಿಗೆ ನೀರು ಹುಯ್ದು ಕೂತಳು. ಎಲ್ಲೋ ಮಧ್ಯದಲ್ಲಿ ನನಗೆ ಖುಷಿಯಾಗತೊಡಗಿತ್ತು. ಸಿಟ್ಟು ಇತ್ತು, ಅದರ ಮೇಲೇ ಕೂತು ಖುಷಿ ಸವಾರಿ ಮಾಡುತ್ತಿತ್ತು. ಎಷ್ಟು ಚೆಂದದ ಹೆಸರುಗಳು! ಇಷ್ಟು ವರ್ಷ ಇವನ್ನು ಯಾಕೆ ಕೂಡಿಹಾಕಿದ್ದೆ?

ಏಳುನೂರು ದಾಟಿದ ಮೇಲೆ, “ರಕ್ತನೇತ್ರಾಯೈ ನಮಃ, ಕ್ರೋಧಾಯೈ ನಮಃ,” ಎಂದೆ.

“ಅಕ್ರೋಧಾಯೈ!” ಎಂದರು ಅಪ್ಪ ಥಟ್ಟನೆ.

ನಿಂತೆ. ಒರಳಿನ ಸದ್ದಿನ ನಡುವೆ ನನ್ನ ಕಿವಿಗೆ ಬಿದ್ದದ್ದು ಕ್ರೋಧಾಯೈ ಎಂದೇ. “ಏನು?”

“ಕ್ರೋಧಾಯೈ ಅಲ್ಲ, ಅಕ್ರೋಧಾಯೈ. ಕೋಪವಿಲ್ಲದವಳು ಅಂತ. ನಮ್ಮಪ್ಪನ ಕಾಲದಿಂದ ಹಾಗೇ ಹೇಳಿಕೊಂಡು ಬಂದಿದೀವಿ.”

“ತಪ್ಪು ಹೇಳಿಕೊಂಡು ಬಂದಿದೀರಿ. ಓಲೆಗರೀಲಿ ಹೇಗಿದೆ?”

“ರಕ್ತನೇತ್ರಾಕ್ರೋಧಾ ಅಂತ ಸೇರಿಸಿ ಬರೆದಿದೆ. ಬಿಡಿಸಿದ್ದು ನಮ್ಮಪ್ಪ.”

“ಹಾಗಾದ್ರೆ ಎರಡು ಥರಾನೂ ಬಿಡಿಸಬಹುದಲ್ಲ? ಹಿಂದಿನ ಹೆಸರು ಏನು? ರಕ್ತನೇತ್ರಾ, ಕಣ್ಣು ಕೆಂಪಾಗಿದೆ. ಮುಂದಿನದೇನು? ಭ್ರುಕುಟೀಭೀಷಣಾ, ಹುಬ್ಬು ಗಂಟು ಹಾಕಿ ಹೆದರಿಸ್ತಾ ನಿಂತಿದಾಳೆ. ಕಣ್ಣು ಕೆಂಪು, ಹುಬ್ಬು ಗಂಟು, ನಡುವೆ ಕೋಪ ಮಾತ್ರ ಇಲ್ವಾ? ಅವಳೇನು ಕಣ್ಣಿಗೆ ಈರುಳ್ಳಿ ಹಚ್ಕೊಂಡಿದ್ಲಾ?”

ಊರಿಗೆ ಊರೇ ಘೊಳ್ ಎಂದು ನಕ್ಕಿತು. ಫಕೀರಣ್ಣ ತೊಡೆ ತಟ್ಟಿಕೊಂಡ. ಅಪ್ಪ ನಗಲಿಲ್ಲ. ತುಟಿ ಅಲುಗಿಸುತ್ತ ಹಿಂದಿನ ಹತ್ತು ಹೆಸರು, ಮುಂದಿನ ಹತ್ತು ಹೆಸರು ಹೇಳಿಕೊಂಡರು. ಬೆರಳಿನಿಂದ ಕಂಬಳಿಯ ಮೇಲೆ ಅಕ್ಷರ ಬರೆದರು. ಮತ್ತೊಮ್ಮೆ ಬರೆದರು. ಆಮೇಲೆ ತಲೆ ಎತ್ತಿ ಗುಡಿಯೊಳಗೆ, ಆ ಚಾಚಿದ ನಾಲಿಗೆಯ ಕಡೆಗೆ ಬಹಳ ಹೊತ್ತು ನೋಡಿದರು.

“ಕ್ರೋಧಾಯೈ,” ಎಂದರು ಮೆಲ್ಲಗೆ. “ನೀನು ಹೇಳಿದ್ದೇ ಸರಿ. ಅರವತ್ತು ವರ್ಷ ಅವಳಿಗೆ ಕೋಪವೇ ಇಲ್ಲ ಅಂದುಬಿಟ್ಟಿದ್ದೆ.”

ಏದುಸಿರು ಬಿಡುತ್ತ ನಿಂತಿದ್ದೆ.

“ಗಿಳಿ ಅಂದಿದ್ದು ನೆನಪಿಲ್ಲ ಕಣೆ ಅಂಬುಜ,” ಎಂದರು ಅಪ್ಪ. “ಸುಳ್ಳು ಹೇಳಲ್ಲ. ಆದ್ರೆ ಅಂದಿರ್ತೀನಿ. ಅನ್ನೋವನೇ ನಾನು.” ಶಾಲು ತೆಗೆದು ಪಕ್ಕಕ್ಕಿಟ್ಟರು. “ತಪ್ಪು ಮಾಡಿದೆ. ಉಳಿದದ್ದು ಹೇಳು. ಇನ್ನೂ ಇನ್ನೂರು ಚಿಲ್ಲರೆ ಇದೆ.”

ಉಳಿದದ್ದನ್ನು ಕೂತು ಹೇಳಿದೆ, ಅವರ ಎದುರಿಗೇ. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದಾಗ ಅಜ್ಜಿ ತಂಬಿಗೆ ತಂದಳು. ಮಡಿ ಮಡಿ ಎಂದು ಜೀವನವೆಲ್ಲ ಕಳೆದ ಅಪ್ಪ ಹಿಂದುಮುಂದು ನೋಡದೆ ಎತ್ತಿ ಕುಡಿದು ನನ್ನ ಕೈಗಿತ್ತರು.

ಭಾನುವಾರ ಬೆಳಕು ಹರಿಯುವಾಗ ಅಂಗಳದಲ್ಲಿ ಕೂಸುಮರಿಯೂ ಬಿಡದೆ ಎಲ್ಲರೂ ಬಂದಿದ್ದರು. ಅಜ್ಜಿ ಗಂಟೆ ಬಾರಿಸಿದಳು. ಒಂದು, ಎರಡು, ಮೂರು. ನಾಲ್ಕನೆಯ ಅಕ್ಷರ ನನ್ನ ಹೊಕ್ಕುಳಿನಿಂದ ಎದ್ದು ಗಂಟಲು ದಾಟಿ ಹೊರಗೆ ಹಾರಿತು. ಅಷ್ಟೂ ಗಂಟಲುಗಳಿಂದ ಅದು ಒಟ್ಟಿಗೆ ಹೊರಟಾಗ ಅರಳಿಮರದ ಹಕ್ಕಿಗಳೆಲ್ಲ ಎದ್ದವು. ನೂರೆಂಟು ಮುಗಿಯುವವರೆಗೂ ತಡೆದುಕೊಂಡಿದ್ದು ಆಮೇಲೆ ಜನ ಕುಣಿದಾಡಿಬಿಟ್ಟರು. ಎಲ್ಲರೂ ಮನೆಗೆ ಓಡಿದರು. ನಾನು ಹೋಟೆಲಿನ ಜಗಲಿಗೆ ಬರುವಷ್ಟರಲ್ಲಿ ಒಂದೊಂದೇ ಹೆಂಚಿನ ಮಾಡಿನ ಮೇಲೆ ಹೊಗೆ ಏಳುತ್ತಿತ್ತು. ನಾಲ್ಕು ದಿನದ ಹಸಿವು ತೀರಿಸಲು ಊರೆಲ್ಲ ಒಗ್ಗರಣೆ ಹಾಕುತ್ತಿತ್ತು. ಸಾಸಿವೆ, ಇಂಗು, ಕಾಫಿಪುಡಿ, ಬೀಡಿ, ಎಲ್ಲದರ ವಾಸನೆ ಕಲಸಿಕೊಂಡು ಬೀದಿಯಲ್ಲಿ ಹರಿಯಿತು.

ನಾನು ಎರಡು ಕಾವಲಿ ಇಟ್ಟು ದೋಸೆ ಹುಯ್ಯತೊಡಗಿದೆ. ಜನ ಬಾಗಿಲಿನಿಂದ ರಸ್ತೆಯವರೆಗೆ ಸಾಲು ನಿಂತಿದ್ದರು. ಅಪ್ಪ ಮೂರನೆಯ ಲೋಟ ಕಾಫಿ ಮುಗಿಸಿ ಎದ್ದು ಅಡುಗೆಮನೆಯೊಳಗೆ ಬಂದರು. ಅವರು ಅಡುಗೆಮನೆಯ ಹೊಸಲು ದಾಟಿದ್ದನ್ನು ನಾನು ನೋಡಿರಲಿಲ್ಲ. ಸ್ವಲ್ಪ ಹೊತ್ತು ಒಲೆಯನ್ನೇ ನೋಡುತ್ತ ನಿಂತರು.

“ಇಲ್ಲಿ ಇನ್ನೂ ನಾಲ್ಕು ದಿನ ಇರೋಣ ಅಂತಿದೀನಿ,” ಎಂದರು. “ಆ ಅಜ್ಜೀನ ಮಂತ್ರ ಕೊಡಿ ಅಂತ ಕೇಳಿದೆ. ಅವಳು, ನಿಮ್ಮ ಮಗಳ ಹತ್ತಿರ ತಗೊಳ್ಳಿ ಅಂದ್ಲು.”

ನನ್ನ ಕೈಯಲ್ಲಿ ಸೌಟು ಹಾಗೇ ನಿಂತಿತು. “ಈಗಲೇನಾ ಅಪ್ಪ?”

“ಸ್ನಾನ ಆಗಿದೆ,” ಎಂದರು. ಮೂವತ್ತು ಶಿಷ್ಯರಿಗೆ ಕಿವಿಯಲ್ಲಿ ಉಪದೇಶ ಕೊಟ್ಟ ಮನುಷ್ಯ ಹಿಟ್ಟಿನ ಪಾತ್ರೆಯ ಪಕ್ಕದಲ್ಲಿ ನನ್ನ ಮುಂದೆ ತಲೆ ಬಾಗಿಸಿದರು. ಶಾಲಿನ ತುದಿಯನ್ನು ಎತ್ತಿ ನಮ್ಮಿಬ್ಬರ ತಲೆಯ ಮೇಲೂ ಹೊದೆಸಿಕೊಂಡರು. ಅವರ ಕಿವಿಯ ಕೆಂಪು ಹರಳಿನ ಒಂಟಿ ನನ್ನ ಕೆನ್ನೆಗೆ ತಣ್ಣಗೆ ತಾಗಿತು. ಕೈಯನ್ನು ಸೆರಗಿಗೆ ಒರೆಸಿಕೊಂಡು ಅವರ ಕಿವಿಗೆ ಮರೆ ಹಿಡಿದು ಐದಕ್ಷರ ಹೇಳಿದೆ.

“ಕೇಳಿಸಲಿಲ್ಲ,” ಎಂದರು ಅಪ್ಪ. “ಇನ್ನೊಂದ್ಸಲ ಹೇಳು. ನಿಧಾನಕ್ಕೆ.”

ಹೊರಗಿನಿಂದ ನಿಂಗರಾಜಪ್ಪ ಕೂಗಿದರು. “ಅಂಬುಜಮ್ಮಾ! ದೋಸೆ ಸೀದು ಹೋಗ್ತಾ ಇದೆ!”

“ಸೀಯಲಿ!” ಎಂದು ಶಾಲಿನೊಳಗಿನಿಂದಲೇ ಕೂಗಿ, ಅಪ್ಪನ ಕಿವಿಗೆ ಮತ್ತೆ ಬಾಯಿಟ್ಟೆ.